ಭೋಂಗಾ ಕೇಳದವನ ಹೆಂಡತಿ

ಹುಬ್ಬಳ್ಳಿ ಸ್ಟೇಷನ್ನಿನ ಆಚೆ ಹತ್ತಿ ಜಿನ್ನುಗಳ ಬಾಯ್ಲರು ರಿಪೇರಿ ಮಾಡುವ ಒಂದು ಕಾರ್ಖಾನೆ ಇತ್ತು. ಈಗ ಅಲ್ಲಿ ಅದರ ಒಂದು ಇಟ್ಟಿಗೆಯೂ ಉಳಿದಿಲ್ಲ. ಕಾರ್ಖಾನೆಯ ನೆತ್ತಿಯ ಮೇಲೆ ಒಂದು ಭೋಂಗಾ. ಉಗಿ ಬಿಟ್ಟರೆ ಮೊದಲು ಕರು ಕಳಕೊಂಡ ಎಮ್ಮೆಯ ಹಾಗೆ ಗೊಗ್ಗರು ದನಿಯಲ್ಲಿ ಒರಲಿ, ಆಮೇಲೆ ಏರುತ್ತ ಏರುತ್ತ ಹೋಗಿ, ಮಲಗಿದವರ, ಎದ್ದವರ ಕಿವಿಯನ್ನೆಲ್ಲ ಕೊರೆದು ನಿಲ್ಲುತ್ತಿತ್ತು. ನಸುಕಿನಲ್ಲಿ ಮಂದಿಯನ್ನು ಎಬ್ಬಿಸಲಿಕ್ಕೆ ಅದೇ, ಗೇಟು ಹಾಕಲಿಕ್ಕೆ ಅದೇ, ಊಟಕ್ಕೆ ಬಿಡಲಿಕ್ಕೆ ಅದೇ, ಸಂಜೆ ಮನೆಗೆ ಕಳಿಸಲಿಕ್ಕೂ ಅದೇ. ಕಾರ್ಖಾನೆಯ ಹಿಂದಿನ ಓಣಿಯವರಿಗೆ ಬೇರೆ ಗಡಿಯಾರ ಇರಲಿಲ್ಲ. ಅಲ್ಲಿ ಕೂಸು ಹುಟ್ಟಿದರೆ "ಊಟದ ಭೋಂಗಾಕ್ಕ ಹುಟ್ಟ್ಯಾನ" ಅನ್ನುತ್ತಿದ್ದರು. ಮುದುಕ ಸತ್ತರೆ "ಸಂಜೀ ಭೋಂಗಾ ಆಗೂದಽ ತಡ, ಹ್ವಾದ" ಅನ್ನುತ್ತಿದ್ದರು.

ಆ ಓಣಿಯಲ್ಲಿ ಖಾತುನಬಿ ಎಂಬವಳು ಮಾತ್ರ ಭೋಂಗಾಕ್ಕಿಂತ ಮೊದಲು ಏಳುತ್ತಿದ್ದಳು. ಏಳುತ್ತಿದ್ದಳು ಅನ್ನುವುದೂ ತಪ್ಪು. ಮಲಗಿದಲ್ಲೇ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು, ಅದು ಈಗ ಬರುತ್ತದೆ ಆಗ ಬರುತ್ತದೆ ಎಂದು ಕಾಯುತ್ತಿದ್ದಳು. ಗೊಗ್ಗರು ದನಿ ಶುರುವಾದ ಕೂಡಲೇ ಮಗ್ಗುಲಲ್ಲಿದ್ದ ಗಂಡನ ಭುಜಕ್ಕೆ ಕೈಯಿಟ್ಟು ಅಲುಗಿಸುವಳು. ಗಂಡ ಮೌಲಾಲಿ ಎದ್ದು ಕೂಡುವನು. ಅಲ್ಲಿಂದ ಸಂಜೆಯ ತನಕ ಅವಳ ತಲೆ ತೊಯ್ದ ಹತ್ತಿ ತುಂಬಿದ ಅಂಡಿಗೆಯ ಹಾಗೆ ಭಾರ.

"ಯಾಕವ್ವಾ, ನಿನ್ನ ಕಣ್ಣ ಯಾವಾಗ ನೋಡಿದ್ರೂ ಉಳ್ಳಾಗಡ್ಡಿ ಹೆಚ್ಚಿದಂಗ ಇರತಾವಲ್ಲ?" ಎಂದು ಮಗ್ಗುಲ ಮನೆಯ ಶಿವಲಿಂಗವ್ವ ಕೇಳಿದರೆ, "ಒಲಿ ಹೊಗಿ, ಅಕ್ಕಾ" ಎಂದುಬಿಡುವಳು.

ಹೊಗೆ ಅಲ್ಲ. ಮೌಲಾಲಿಗೆ ಕಿವಿ ಕೇಳುತ್ತಿರಲಿಲ್ಲ. ಅದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದಾಗಿತ್ತು.

ಖಾತುನಬಿ ಗಬ್ಬೂರಿನಿಂದ ಮದುವೆಯಾಗಿ ಬಂದಾಗ ಅವನಿಗೆ ಚೆನ್ನಾಗಿ ಕೇಳುತ್ತಿತ್ತು. ಅವಳು ನೀರಿಗೆ ಹೋಗಿ ಬರುವಾಗ ಓಣಿಯ ತಿರುವಿನಲ್ಲೇ ಬಳೆಯ ಸದ್ದು ಗುರುತಿಸಿ ಬಾಗಿಲು ತೆಗೆದು ನಿಲ್ಲುತ್ತಿದ್ದ. ಅವನ ಕೆಲಸ ಬಾಯ್ಲರಿನ ಒಳಗೆ. ಕೆಂಪಗೆ ಕಾಯಿಸಿದ ದಪ್ಪ ಮೊಳೆಯನ್ನು ತಗಡಿನಲ್ಲಿ ಕೂರಿಸಬೇಕಾದರೆ ಒಬ್ಬ ಹೊರಗೆ ನಿಂತು ಸುತ್ತಿಗೆಯಿಂದ ಬಡಿಯಬೇಕು, ಒಬ್ಬ ಒಳಗೆ ಕೂತು ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು. ಹೊರಗಿನವನು ಫಕೀರಪ್ಪ, ಒಳಗಿನವನು ಮೌಲಾಲಿ. ಒಳಗೆ ಕೂತವನಿಗೆ ಒಂದೊಂದು ಪೆಟ್ಟೂ ತಲೆಯ ಮೇಲೆಯೇ ಬಿದ್ದ ಹಾಗೆ. ಅಲ್ಲಿ ಬಾಯಿಂದ ಮಾತಾಡಿ ಉಪಯೋಗವಿಲ್ಲ. ಹೊರಗಿನವನು ಹಿಮ್ಮಡಿಯಿಂದಲೋ ಸುತ್ತಿಗೆಯ ಹಿಡಿಯಿಂದಲೋ ತಗಡಿಗೆ ತಟ್ಟುತ್ತಾನೆ, ಒಳಗಿನವನು ಅಂಗೈಯಲ್ಲಿ ಅದನ್ನು ತಿಳಿಯುತ್ತಾನೆ. ಮುಖ ಕಂಡರೆ ಕೈಸನ್ನೆ. ಮುಷ್ಟಿಯನ್ನು ಅಂಗೈಗೆ ಗುದ್ದಿದರೆ "ಬಡಿ". ಎದೆಗೆ ಅಂಗೈ ಹಚ್ಚಿದರೆ "ತಡಿ". ಕೈ ಚಪ್ಪಟೆ ಮಾಡಿ ಕೆಳಗೆ ಒರೆಸಿದರೆ "ಸಾಕು".

ಮದುವೆಯಾಗಿ ಕೆಲವು ವರ್ಷಕ್ಕೆ ಒಂದು ದಿನ ಇಬ್ಬರೂ ಸಂತೆಯಿಂದ ಬರುತ್ತಿದ್ದರು. ಅವನು ಮುಂದೆ, ಅವಳು ಹಿಂದೆ. ಹಿಂದಿನಿಂದ ಒಂದು ಚಕ್ಕಡಿ ಓಡಿಬಂತು. ಹೊಡೆಯುವವನು ಗಂಟಲು ಹರಿಯುವ ಹಾಗೆ ಒದರಿದ. ದಾರಿಯವರೆಲ್ಲ ಸರಿದರು. ಮೌಲಾಲಿ ಸರಿಯಲಿಲ್ಲ. ಅವಳು ಅಂಗಿ ಹಿಡಿದು ಜಗ್ಗಿದಳು. ಎತ್ತಿನ ಕೊಂಬು ಅವನ ತೋಳು ಸವರಿಕೊಂಡು ಹೋಯಿತು. ಅವನು ತಿರುಗಿ ಮೊದಲು ಚಕ್ಕಡಿಯನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ. ಮನೆಗೆ ಬಂದ ಕೂಡಲೇ ಅವಳು ಬಾಗಿಲು ಹಾಕಿದಳು.

"ಯಾವಾಗಿಂದ?" ಎಂದು ಅವಳು ಮುಖಕ್ಕೆ ಮುಖ ಇಟ್ಟು ಕೇಳಿದಳು.

"ಒಂದೊಂದ ಸಲ ಕೇಳತೈತಿ" ಅಂದ. ಕೊಂಬು ಸವರಿದ ತೋಳು ಉಜ್ಜಿಕೊಳ್ಳುತ್ತ, "ಇಲ್ಲ. ಕೇಳೂದಿಲ್ಲ" ಅಂದ. "ಯಾರ ಮುಂದೂ ಆಡಬ್ಯಾಡ."

ಯಾಕೆಂದರೆ ಹನುಮಂತಪ್ಪನ ಗತಿ ಕಣ್ಣ ಮುಂದಿತ್ತು. ಅವನೂ ಬಾಯ್ಲರಿನ ಒಳಗೆ ಕೂತು ಕೂತು ಕಿವಿ ಕಳಕೊಂಡವನೇ. ಒಮ್ಮೆ ಮೇಲಿನಿಂದ ತಗಡು ಜಾರಿತು, ಎಲ್ಲರೂ "ಸರೀ, ಸರೀ" ಎಂದು ಒದರಿದರು. ಅವನಿಗೆ ಕೇಳಲಿಲ್ಲ. ಪಾದ ಹೋಯಿತು. ಅವತ್ತಿನಿಂದ ಕಾರ್ಖಾನೆಯ ಶೇಠಜಿಯ ಹುಕುಂ: ಕಿವುಡರನ್ನು ಇಟ್ಟುಕೊಳ್ಳಬೇಡಿರಿ, ಗೇಟಿನ ಹೊರಗೆ ಹಾಕಿರಿ. ಕಿವಿ ತೆಗೆದುಕೊಂಡವರೂ ಅವರೇ, ಕಿವಿ ಇಲ್ಲವೆಂದು ಹೊರಗೆ ಹಾಕುವವರೂ ಅವರೇ. ಬಾಯ್ಲರಿನ ಕೆಲಸ ಬಿಟ್ಟರೆ ಮೌಲಾಲಿಗೆ ಬೇರೆ ಕಸುಬು ಬರುತ್ತಿರಲಿಲ್ಲ.

ಹೀಗಾಗಿ ಮನೆಯ ಕಿವಿಯೆಲ್ಲ ಖಾತುನಬಿಯದಾಯಿತು. ಅವನು ಬಾಯ್ಲರಿನ ಸನ್ನೆಗಳನ್ನು ಅವಳಿಗೆ ಕಲಿಸಿದ. ಯಾರಾದರೂ ಕಟ್ಟೆಗೆ ಬಂದು ಅವನನ್ನು ಮಾತಾಡಿಸಿದರೆ, ಅವಳು ಒಳಗಿನಿಂದ ಬಂದು ಅವರ ಬೆನ್ನ ಹಿಂದೆ ನಿಂತು ಕೈಯಲ್ಲಿ ತಿಳಿಸುವಳು. ಅವನು ಹೂಂ ಅನ್ನುವನು, ನಗುವನು. ತಪ್ಪಿದರೆ, "ಅವರು ಮಾತು ಭಾಳ ಕಡಿಮಿ ರೀ" ಎಂದು ಅವಳೇ ಮುಂದಾಗುವಳು. ಮಗಳು ಶಮೀಮ ಹುಟ್ಟಿದ ಮೇಲೆ ಕೂಸಿನ ಅಳುವೂ ಅವಳೊಬ್ಬಳ ಪಾಲಿಗೇ ಬಂತು. ಕೂಸು ಅತ್ತಾಗ ಏಳಬೇಕು, ಮತ್ತೆ ಭೋಂಗಾಕ್ಕೆ ಏಳಬೇಕು. ನಡುವೆ ನಿದ್ದೆ ಅನ್ನುವುದು ಒಂದು ಹರಕು ಚಾದರು, ಎಲ್ಲಿ ಹೊದ್ದರೂ ಒಂದು ಕಡೆ ಚಳಿ.

ಕಾರ್ಖಾನೆಯಲ್ಲಿ ಗೊತ್ತಿದ್ದದ್ದು ಫಕೀರಪ್ಪನಿಗೆ ಒಬ್ಬನಿಗೆ. ಅವನು ಬಾಯಿ ಬಿಡುವವನಲ್ಲ. "ಭಾಬೀ, ಚಿಂತಿ ಮಾಡಬ್ಯಾಡ್ರಿ. ಬಾಯ್ಲರ ಒಳಗ ಕಿವಿ ಇದ್ದವರೇನು, ಇಲ್ಲದವರೇನು? ಮೊನ್ನೆ ನಾನಽ ನಮ್ಮ ಮನ್ಯಾಕಿ ಉಣ್ಣಾಕ ಬರ್ರಿ ಅಂದ್ರ, ಯಾರು ಸತ್ರು ಅಂತ ಕೇಳೇನಿ" ಅನ್ನುತ್ತಿದ್ದ.

ಓಣಿಯವರು ಮಾತ್ರ ಮೌಲಾಲಿಯನ್ನು ಬೇರೆಯೇ ತಿಳಿದಿದ್ದರು. ನಾಯಿ ಬೊಗಳಿದರೆ ತಿರುಗುವುದಿಲ್ಲ, ಬೈದರೆ ಸಿಟ್ಟಿಲ್ಲ, ಭೋಂಗಾ ಆದರೆ ಬೆಚ್ಚುವುದಿಲ್ಲ. ದೊಡ್ಡ ಮನುಷ್ಯ ಅಂದರು. ಖಾತುನಬಿ ಅದನ್ನು ಹಾಗೇ ಇರಲು ಬಿಟ್ಟಳು.

ಹೀಗಿರುವಾಗ ಶಿವಲಿಂಗವ್ವನ ಮಾಳಿಗೆಯ ಮೇಲಿನ ಖೋಲಿಗೆ ನೀಲಕಂಠಪ್ಪ ಮಾಸ್ತರರು ಬಾಡಿಗೆಗೆ ಬಂದರು. ಧಾರವಾಡದಲ್ಲಿ ಓದಿದವರು, ಹುಬ್ಬಳ್ಳಿಯ ಒಂದು ಸಾಲಿಯಲ್ಲಿ ಕಲಿಸುತ್ತಿದ್ದರು. ಮದುವೆ ಇಲ್ಲ, ಮಕ್ಕಳಿಲ್ಲ. ಬರೆಯುವ ಹುಚ್ಚು. ಮೊದಲನೆಯ ದಿನ ನಸುಕಿನ ಭೋಂಗಾಕ್ಕೆ ಹೊದಿಕೆ ಸಮೇತ ಪಾವಟಿಗೆ ಇಳಿದು ಅಂಗಳಕ್ಕೆ ಬಂದು ನಿಂತರು.

ಶಿವಲಿಂಗವ್ವ ಕಸಬರಿಗೆ ಹಿಡಿದು ನೋಡಿದಳು. "ಭೂಕಂಪ ಅಲ್ರೀ ಮಾಸ್ತರ, ಭೋಂಗಾ. ಮೊದಲ ಧೋತರ ಸರಿ ಮಾಡ್ಕೋರಿ, ಹೆಣ್ಣಮಕ್ಕಳು ನೀರಿಗೆ ಹೊಂಟಾರ."

ಮಾಸ್ತರರಿಗೆ ಆ ಭೋಂಗಾ ಎಂದೂ ಒಗ್ಗಲಿಲ್ಲ. ಕಿಟಕಿಯಲ್ಲಿ ಕೂತು ಓಣಿ ನೋಡುವರು. ಭೋಂಗಾ ಆದ ಕೂಡಲೇ ಬಾಗಿಲು ತೆರೆಯುವುದು, ಹೊಗೆ ಏಳುವುದು, ಗಂಡಸರೆಲ್ಲ ಒಂದೇ ಹೆಜ್ಜೆಯಲ್ಲಿ ಗೇಟಿನ ಕಡೆ ನಡೆಯುವುದು, ಅದನ್ನೆಲ್ಲ ನೋಡಿ ನೋಡಿ ಅವರ ಹುಬ್ಬು ಗಂಟಾಗುತ್ತಿತ್ತು. ಒಂದು ರವಿವಾರ, ಕಾರ್ಖಾನೆಗೆ ಸೂಟಿ ಇದ್ದರೂ ಮಧ್ಯಾಹ್ನದ ಭೋಂಗಾ ರೂಢಿಯಂತೆ ಹೊಡೆಯಿತು. ಎಮ್ಮೆ ಕಣ್ಣಿ ಜಗ್ಗಿತು. ಕ್ಷೌರ ಮಾಡುತ್ತಿದ್ದವನು ಕತ್ತಿ ಎತ್ತಿ ಹಿಡಿದ. ಉಣ್ಣುವ ಹೊತ್ತಾಯಿತೆಂದು ಹೆಂಗಸರು ಒಳಗೆ ಓಡಿದರು. ಮೌಲಾಲಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ. ಒಂದು ಕಾಳು ಸುಲಿದು ಬಾಯಿಗೆ ಹಾಕಿಕೊಂಡ, ಇನ್ನೊಂದು ಸುಲಿದು ಶಮೀಮಳಿಗೆ ಕೊಟ್ಟ.

ಮಾಸ್ತರರು ಮೇಲಿನಿಂದ ಇಳಿದೇ ಬಂದರು.

"ಖಾತುನಬಿಯವರ, ನಿಮ್ಮ ಯಜಮಾನ್ರಿಗೆ ಭೋಂಗಾ ಅಂದ್ರ ಏನೂ ಅನಸೂದಿಲ್ಲೇನ್ರಿ?"

ಅವಳು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಳು. "ಅವರು ಮೊದಲಿಂದಽ ಹಂಗಽ ರೀ, ಮಾಸ್ತರ."

"ಒಮ್ಮೆನೂ ಬೆಚ್ಚಿಲ್ಲ?"

"ಯಾಕ ಬೆಚ್ಚತಾರ್ರಿ? ತಾವು, ತಮ್ಮ ಕೆಲಸ."

ಮಾಸ್ತರರು ಮೌಲಾಲಿಯನ್ನು ದರ್ಗಾದ ಬಾಗಿಲಲ್ಲಿ ನಿಂತವರ ಹಾಗೆ ನೋಡಿದರು. "ತಾವು, ತಮ್ಮ ಕೆಲಸ" ಎಂದು ತಾವೂ ಒಮ್ಮೆ ಅಂದುಕೊಂಡು ಪಾವಟಿಗೆ ಹತ್ತಿ ಹೋದರು. ಅವತ್ತಿನಿಂದ ಅವರ ಖೋಲಿಯ ಕಂದೀಲು ಬಹಳ ಹೊತ್ತು ಉರಿಯತೊಡಗಿತು.

ಏನು ಬರೆಯುತ್ತಿದ್ದಾರೆ ಎಂಬುದು ಶಿವಲಿಂಗವ್ವನಿಂದ ಗೋಡೆ ದಾಟಿ ಖಾತುನಬಿಗೆ ಬರುತ್ತಿತ್ತು. ಮಾಸ್ತರರು ಉಣ್ಣುವಾಗ ಅವಳಿಗೆ ಕತೆ ಹೇಳುವರು. ಅವಳು ಬಟ್ಟೆ ಒಣಹಾಕುತ್ತ ಇವಳಿಗೆ ಹೇಳುವಳು.

"ಮುಂದ ಬರೂ ಕಾಲದಾಗ ಒಂದು ಊರಂತ. ಆ ಊರಾಗ ಒಂದಽ ಭೋಂಗಾ. ಅದು ಹೊಡದಾಗ ಏಳಬೇಕಂತ, ಹೊಡದಾಗ ಉಣ್ಣಬೇಕಂತ, ಮಕ್ಕಳನ್ನ ಮುದ್ದು ಮಾಡೂದಕ್ಕೂ ಒಂದು ಭೋಂಗಾ, ಸತ್ತವರನ್ನ ಅಳೂದಕ್ಕೂ ಒಂದು ಭೋಂಗಾ. ಅದು ನಿಂತ ಮ್ಯಾಲೆ ಅತ್ರ ಹಿಡದು ಒಯ್ತಾರಂತ."

"ಇದಕ್ಕ ಮುಂದಿನ ಕಾಲ ಯಾಕ ಬೇಕಕ್ಕಾ? ನಮ್ಮ ಓಣಿ ನೋಡಿದ್ರ ಸಾಕಲ್ಲ."

"ನಾನೂ ಹಂಗಽ ಅಂದೆ! ಮಾಸ್ತರ ಸಿಟ್ಟಾಗಿ ಇನ್ನೊಂದು ರೊಟ್ಟಿ ಬ್ಯಾಡ ಅಂದ್ರು. ಆಮ್ಯಾಲೆ ಉಂಡ್ರು." ಶಿವಲಿಂಗವ್ವ ಹಿಂಡಿದ ಸೀರೆ ಝಾಡಿಸಿದಳು. "ಆ ಊರಾಗ ಒಬ್ಬಾವ ಅದಾನಂತ. ಅವಗ ಭೋಂಗಾದ ಹಂಗಿಲ್ಲ. ಮನಸ್ಸಿಗೆ ಬಂದಾಗ ಉಣ್ಣತಾನ, ಮನಸ್ಸಿಗೆ ಬಂದಾಗ ನಗತಾನ. ಕಡೀಕ ರಾಜ್ಯಾ ಆಳೂವಾ ಅವನ್ನ ಹಿಡತರಸಿ, ಭೋಂಗಾನ ಅವನ ಕಿವಿ ಹತ್ತರಽ ಹೊಡಸತಾನ. ಇವ ಏನ ಮಾಡತಾನ ಹೇಳು? ಚಿಮಣಿ ಮ್ಯಾಲೆ ಕುಂತ ಕಾಗಿ ನೋಡಕೋತ ನಿಂದರತಾನ!"

ಖಾತುನಬಿ ನಕ್ಕಳು. ನಗುತ್ತ ನಗುತ್ತ ಕೈಯಲ್ಲಿದ್ದ ಹಸಿ ಬಟ್ಟೆ ಯಾಕೋ ಭಾರ ಅನಿಸಿತು.

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಪುಸ್ತಕ ಧಾರವಾಡದಲ್ಲಿ ಅಚ್ಚಾಯಿತು. ಮಾಸ್ತರರು ಒಂದು ಪ್ರತಿಯನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟೆಗೆ ಬಂದು ಮೌಲಾಲಿಗೆ ಕೊಟ್ಟರು. ಅವನು ನಕ್ಕು ತೆಗೆದುಕೊಂಡು ಹಣೆಗೆ ಒತ್ತಿಕೊಂಡ, ಕುರಾನು ಇದ್ದೀತೆಂದು. ಖಾತುನಬಿ ಹೆಸರೇನೆಂದು ಕೇಳಿದಳು.

"ಭೋಂಗಾ ಕೇಳದವನು" ಅಂದರು ಮಾಸ್ತರರು.

ಅವಳು ಗಂಡನ ಮುಂದೆ ಬಂದು ನಿಂತಳು. "ಯಾರ್ರೀ ಅದು?"

"ಯಾರಂತ ಕೇಳತೀರಲ್ರಿ! ನಿಮ್ಮ ಮನೆಯವರಽ. ನಮಗೆಲ್ಲಾ ಭೋಂಗಾ ಕೇಳತೈತಿ, ಅದಕ್ಕಽ ನಾವು ಆಳು. ಇವರು ಅದನ್ನ ಕೇಳಸ್ಕೊಳ್ಳೂದಿಲ್ಲ. ಇವರ ಕಿವಿ ಇವರದು. ಅದಽ ನನ್ನ ಪುಸ್ತಕದ ಅರ್ಥ."

ಹೊಗಳಿದ್ದೇ ಹೌದು. ಆದರೆ ಅವಳಿಗೆ ಯಾರೋ ಮನೆಯ ಚಾವಣಿ ತೆಗೆದು ಒಳಗೆ ಇಣುಕಿದ ಹಾಗಾಯಿತು.

ಆಮೇಲೆ ಆ ಹೆಸರಿನ ಅರ್ಥದ ಬಗ್ಗೆ ಧಾರವಾಡದಲ್ಲಿ ದೊಡ್ಡ ಚರ್ಚೆ ನಡೆಯಿತಂತೆ. ಒಬ್ಬರು, ಭೋಂಗಾ ಅಂದರೆ ಸಂಸಾರ, ಕೇಳದವನು ಯೋಗಿ ಅಂದರು. ಇನ್ನೊಬ್ಬರು, ಭೋಂಗಾ ಅಂದರೆ ಸರ್ಕಾರ ಅಂದರು. ಮತ್ತೊಬ್ಬರು, ಕೇಳದವನು ಸತ್ತವನೇ ಇರಬೇಕು, ಈ ಲೋಕದಲ್ಲಿ ಬೇರೆ ಯಾರಿಗೆ ಬಿಡುಗಡೆ ಎಂದು ವಾದಿಸಿದರು. ಮಾಸ್ತರರು ಹುಡುಗರು ಹುಣಸೆ ಬೀಜ ಆರಿಸಿಕೊಂಡು ಬಂದ ಹಾಗೆ ಅರ್ಥಗಳನ್ನೆಲ್ಲ ಆರಿಸಿ ತಂದು ಶಿವಲಿಂಗವ್ವನ ಮುಂದೆ ಸುರಿಯುತ್ತಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ಕೂಟದಲ್ಲಿ ಹಿಗ್ಗು ತಡೆಯಲಾಗದೆ, "ಆ ಮನುಷ್ಯ ಕಲ್ಪನೆ ಅಲ್ಲ, ನಮ್ಮ ಓಣಿಯಲ್ಲೇ ಇದ್ದಾನೆ" ಎಂದುಬಿಟ್ಟರು.

ಮುಂದಿನ ರವಿವಾರ ಕಾಲೇಜಿನ ತರುಣರು ರೈಲು ಹತ್ತಿ ಬಂದರು. ಮೌಲಾಲಿಯ ಎದುರು ಗುಂಪಾಗಿ ನಿಂತು ಮಧ್ಯಾಹ್ನದ ಭೋಂಗಾಕ್ಕೆ ಕಾದರು. ಭೋಂಗಾ ಹೊಡೆಯಿತು. ಮೌಲಾಲಿ ಹರಿದ ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದವನು ಹಾಕುತ್ತಲೇ ಇದ್ದ. ತರುಣರು ಚಪ್ಪಾಳೆ ತಟ್ಟಿದರು. ಅವನಿಗೆ ಕೇಳಿದ್ದರಲ್ಲವೆ.

ಅದೇ ಹೊತ್ತಿಗೆ ಕಾರ್ಖಾನೆಯ ಮುಕಾದಮ ಬಾಬುಸಾಬ ಓಣಿಯಲ್ಲಿ ಬಂದ. ಆಳುಗಳ ಮೇಲಿನ ಆಳು ಅವನು, ಶೇಠಜಿಯ ಕಣ್ಣು.

"ಏನ ನಡದೈತಿ ಇಲ್ಲಿ? ಬಯಲಾಟೇನ?"

"ಈ ಮನುಷ್ಯಾಗ ಭೋಂಗಾ ಕೇಳೂದಿಲ್ರಿ!" ಎಂದು ಒಬ್ಬ ತರುಣ ಹೆಮ್ಮೆಯಿಂದ ಹೇಳಿದ.

ಬಾಬುಸಾಬ ದೊಡ್ಡದಾಗಿ ನಕ್ಕ. ನಗು ಅರ್ಧಕ್ಕೇ ನಿಂತಿತು. ಮೆಲ್ಲಗೆ ಬಳಸಿಕೊಂಡು ಮೌಲಾಲಿಯ ಬೆನ್ನ ಹಿಂದೆ ಹೋಗಿ ನಿಂತ. "ಮೌಲಾಲೀ" ಎಂದು ಕರೆದ.

ಖಾತುನಬಿ ಬಾಗಿಲಲ್ಲಿ ತುಂಬಿದ ತಾಮ್ರದ ಕೊಡ ಹೊತ್ತು ನಿಂತಿದ್ದಳು. ಕೈ ಬಿಟ್ಟಳು. ಕೊಡ ಕಟ್ಟೆಯ ಕಲ್ಲಿಗೆ ಬಡಿಯಿತು. ಕಲ್ಲು ಅದುರಿದ್ದು ಕೂತಲ್ಲೇ ತಿಳಿದು ಮೌಲಾಲಿ ಗಕ್ಕನೆ ತಿರುಗಿದ, ಬಾಬುಸಾಬನನ್ನು ಕಂಡು ಎದ್ದು ಸಲಾಮು ಮಾಡಿದ.

ಬಾಬುಸಾಬ ಕೊಡದ ನೆಗ್ಗು ನೋಡಿದ, ಹರಿಯುವ ನೀರು ನೋಡಿದ, ಅವಳನ್ನು ನೋಡಿದ. "ಕೊಡ ಛಲೋದಿತ್ತಲ್ಲ ತಂಗೀ" ಅಂದ. "ಇರಲಿ. ನಾಳೆ ನೋಡೂಣು."

ಸಂಜೆ ಖಾತುನಬಿ ಸೆರಗು ಹೊದ್ದು ಶಿವಲಿಂಗವ್ವನ ಮಾಳಿಗೆಯ ಪಾವಟಿಗೆ ಹತ್ತಿದಳು. ಶಿವಲಿಂಗವ್ವನೂ ಹಿಂದೆ ಬಂದು ಬಾಗಿಲಲ್ಲಿ ನಿಂತಳು. ಮಾಸ್ತರರು ಗಡಬಡಿಸಿ ಚಾಪೆ ಹಾಸಿದರು. ಅವಳು ಕೂಡಲಿಲ್ಲ.

"ಮಾಸ್ತರ, ಅವರಿಗೆ ಕೇಳೂದಿಲ್ರಿ."

"ಅದನ್ನಽ ಅಲ್ಲೇನ್ರಿ ನಾ ಬರದಿದ್ದು."

"ಅಲ್ರಿ. ಕಿವಿ ಕೇಳೂದಿಲ್ಲ. ಕಿವುಡು. ಬಾಯ್ಲರಿನಾಗ ಹೋತು. ಭೋಂಗಾ ಅಂದ್ರ ಅವರಷ್ಟು ಹೆದರೂವರು ಈ ಓಣ್ಯಾಗ ಯಾರೂ ಇಲ್ಲ. ಕೇಳಿದವರಿಗೆ ಕೇಳಿದಾಗಷ್ಟಽ ಹೆದರಿಕಿ. ಇವರಿಗೆ ಅದು ಆತೋ ಇಲ್ಲೋ ಅಂತ ದಿನಾ ಹೆದರಿಕಿ."

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ಬಾಗಿಲಲ್ಲಿ ಶಿವಲಿಂಗವ್ವ "ಶಿವನಽ" ಅಂದಳು.

"ನಾಳೆ ಅವರನ್ನ ಹೊರಗ ಹಾಕತಾರ್ರಿ. ನೀವು ಮುಕಾದಮಗ ಹೇಳ್ರಿ, ಪುಸ್ತಕದಾಗಿನಾವ ಬ್ಯಾರೆ, ಇವರಲ್ಲ ಅಂತ."

"ಹೇಳತೇನ್ರಿ. ಹೇಳತೇನಿ." ಅವರು ತಮ್ಮಷ್ಟಕ್ಕೆ ಕೇಳಿಕೊಂಡಂತೆ, "ಹಂಗಾರ ನಾ ಇಟ್ಟ ಹೆಸರಿಗೆ ಅರ್ಥ ಏನುಳೀತು?" ಅಂದರು.

"ಅರ್ಥ ನೀವಽ ಇಟ್ಕೋರಿ, ಮಾಸ್ತರ. ನಮಗ ಕೆಲಸ ಉಳಿದ್ರ ಸಾಕು" ಎಂದು ಅವಳು ಇಳಿದು ಬಂದಳು. ಪಾವಟಿಗೆಯ ನಡುವೆ ಒಂದು ಗಳಿಗೆ ಗೋಡೆ ಹಿಡಿದು ನಿಂತಳು. ಅಷ್ಟು ದಣಿವಾಗಿತ್ತು.

ಮನೆಗೆ ಬಂದು ಚಿಮಣಿ ದೀಪ ನಡುವೆ ಇಟ್ಟು, ಗಂಡನಿಗೆ ತುಟಿ ಕಾಣುವ ಹಾಗೆ ಕೂತು ಎಲ್ಲ ತಿಳಿಸಿದಳು. ತುಟಿಗೆ ನಿಲುಕದ್ದನ್ನು ಕೈಯಿಂದ ಹೇಳಿದಳು. ಪುಸ್ತಕ, ತರುಣರು, ಬಾಬುಸಾಬ. ನಾಳೆ ಫಕೀರಪ್ಪನ ಮಗ್ಗುಲು ಬಿಡಬೇಡ ಎಂದಳು. ಮೌಲಾಲಿ ಎಲ್ಲ ತಿಳಿದುಕೊಂಡು ಒಂದೇ ಮಾತು ಕೇಳಿದ.

"ಪುಸ್ತಕದಾಗಿನಾವ ಕಡೀಕ ಏನ ಮಾಡತಾನ?"

"ಕಿವಿ ಹತ್ತರ ಭೋಂಗಾ ಹೊಡದ್ರೂ ಚಿಮಣಿ ಮ್ಯಾಲಿನ ಕಾಗಿ ನೋಡಕೋತ ನಿಂದರತಾನಂತ."

ಅವನು ಬಹಳ ಹೊತ್ತು ನಕ್ಕ. ಅವನು ಹಾಗೆ ನಕ್ಕದ್ದನ್ನು ಅವಳು ನೋಡಿ ವರ್ಷಗಳಾಗಿದ್ದವು. ನಗುವ ಹೊತ್ತು ಇದಲ್ಲ ಎಂದು ಅವಳಿಗೆ ಸಿಟ್ಟು ಬಂತು.

ಮರುದಿನ ನಸುಕಿನ ಭೋಂಗಾಕ್ಕೆ ಭುಜ ಅಲುಗಿಸಿದಳು, ಬುತ್ತಿ ಕಟ್ಟಿದಳು, ಕಳಿಸಿದಳು. ಮಾಸ್ತರರು ಕೊಟ್ಟ ಮಾತಿನಂತೆ ಸಾಲಿಗೆ ಹೋಗುವ ಮೊದಲು ಗೇಟಿಗೆ ಹೋಗಿ ಬಾಬುಸಾಬನ ಮುಂದೆ ಕೈ ಜೋಡಿಸಿದರು. ಎಲ್ಲ ನನ್ನ ಕಲ್ಪನೆ ಅಂದರು. ಬಾಬುಸಾಬ, "ಮಾಸ್ತರ, ಕತಿ ನಿಮ್ಮದು, ಖರೇ. ತಗಡು ಬಿದ್ರ ಹೆಣಾ ನನ್ನ ಕೊರಳಿಗೆ" ಎಂದು ಒಳಗೆ ಹೋದನಂತೆ.

ಖಾತುನಬಿ ಊಟದ ಭೋಂಗಾಕ್ಕೆ ಇನ್ನೂ ಹೊತ್ತಿದೆ ಎಂದು ಹಿಟ್ಟು ನಾದುತ್ತಿದ್ದಳು. ಓಣಿಯಲ್ಲಿ ಮೌಲಾಲಿಯ ಬೂಟಿನ ಸದ್ದು ಬಂತು. ಭೋಂಗಾ ಆಗದೆ ಆ ಸದ್ದು ಆ ಓಣಿಗೆ ಎಂದೂ ಬಂದಿರಲಿಲ್ಲ. ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಅವನು ಬೂಟು ಬಿಚ್ಚಿ ಗೋಡೆಗೆ ಒರಗಿ ಕೂತ. ಅವಳು ಏನು ಎಂದು ಕೈ ತಿರುಗಿಸಿದಳು. ಅವನು ಅಂಗೈ ಚಪ್ಪಟೆ ಮಾಡಿ ಗಾಳಿಯನ್ನು ಕೆಳಗೆ ಒರೆಸಿದ. ಸಾಕು.

ಊಟದ ಭೋಂಗಾ ಆದದ್ದೇ ಫಕೀರಪ್ಪ ಓಡುತ್ತ ಬಂದ. ಮೈಯೆಲ್ಲ ಮಸಿ, ಕಣ್ಣಲ್ಲಿ ನೀರು.

"ಭಾಬೀ, ಬಾಯ್ಲರಿನವರನ್ನೆಲ್ಲಾ ತಗಡಿನ ಮ್ಯಾಲೆ ಸಾಲಾಗಿ ನಿಂದರಿಸಿ ಗ್ವಾಡಿ ಕಡೆ ಮುಖಾ ಮಾಡಸಿದ್ರಿ. ಹಿಂದಿಂದ ಒಬ್ಬೊಬ್ಬರ ಹೆಸರು ಕರಿಯೂದು, ಅವ ತಿರಗೂದು. ನಾ ಇವನ ಬಾಜೂಕಽ ಇದ್ದೆ. ಇವನ ಹೆಸರು ಬಂದ ಕೂಡ್ಲೇ ತಗಡಿಗೆ ಹಿಮ್ಮಡಿ ಬಡದೆ. ಬಾಯ್ಲರಿನಾಗ ಹೆಂಗ ಬಡೀತೇನಿ ಹಂಗಽ. ಇವಗ ತಿಳೀತ್ರಿ! ಖರೇನಽ ತಿಳೀತು. ನನ್ನ ಕಡೆ ಓರೆಗಣ್ಣಿಲೆ ನೋಡಿದ. ನಕ್ಕ. ತಿರುಗಲಿಲ್ಲ."

"ತಿರುಗಲಿಲ್ಲ?"

"ಮ್ಯಾಲೆ ಚಿಮಣಿ ಕಡೆ ನೋಡಕೋತ ನಿಂತ. ಮುಕಾದಮ ಮತ್ತ ಕರದ. ನಾ ಮತ್ತ ಬಡದೆ. ಇವ ಹಂಗಽ ನಿಂತ."

ಖಾತುನಬಿ ಒಳಗೆ ಬಂದು ಗಂಡನ ಮುಂದೆ ನಿಂತಳು. ಬೈಯಬೇಕೆಂದು ಬಾಯಿ ತೆಗೆದಳು. ನನ್ನ ಇಷ್ಟು ವರ್ಷದ ನಿದ್ದೆ ಎಲ್ಲಿ ಹೋಯಿತು, ಅದನ್ನು ಯಾವ ತಗಡಿನ ಮೇಲೆ ನಿಂತು ಚೆಲ್ಲಿ ಬಂದೆ ಎಂದು ಕೇಳಬೇಕಾಗಿತ್ತು. ಬಾಯ್ಲರಿನ ಸನ್ನೆಗಳಲ್ಲಿ ಬಡಿ ಇತ್ತು, ತಡಿ ಇತ್ತು, ಕಾದಿದೆ, ಆರಿದೆ ಎಲ್ಲ ಇದ್ದವು. ಇದಕ್ಕೆ ಸನ್ನೆ ಇರಲಿಲ್ಲ. ಅವಳು ಬೆನ್ನು ತಿರುಗಿಸಿ ಒಲೆಯ ಮುಂದೆ ಕೂತು, ಅವನಿಗೆ ಕೇಳದಿದ್ದರೂ ಓಣಿಗೆಲ್ಲ ಕೇಳುವ ಹಾಗೆ ಅತ್ತಳು. ಮಗ್ಗುಲ ಮನೆಯಿಂದ ಶಿವಲಿಂಗವ್ವ ಬಂದು, ಅವಳು ಬಿಟ್ಟ ಹಿಟ್ಟನ್ನು ತಾನು ನಾದಿ ರೊಟ್ಟಿ ಬಡಿದಳು.

ಅವರಿದ್ದ ಮನೆ ಕಾರ್ಖಾನೆಯದು. ಬಿಡಬೇಕಾಯಿತು. ಬೆಂಗೇರಿಯಲ್ಲಿ ಖಾತುನಬಿಯ ದೂರದ ಸೋದರತ್ತೆ ರೆಹಮತ್‌ಬಿ ತನ್ನ ಹಿತ್ತಲಿನ ಒಂದು ಅಂಕಣ ಬಿಟ್ಟುಕೊಟ್ಟಳು. ಮೌಲಾಲಿ ಹಳೆಯ ಡಬ್ಬಿಗಳನ್ನು ಕೊಯ್ದು ಬೆಸೆದು ಚಿಮಣಿ ದೀಪ, ಹಿಟ್ಟಿನ ಜರಡಿ ಮಾಡಲು ಕಲಿತ. ಮೊದಲ ಮೊದಲು ಜರಡಿಯಲ್ಲಿ ಹಿಟ್ಟಿಗಿಂತ ಬೆಳಕೇ ಹೆಚ್ಚು ಸೋರುತ್ತಿತ್ತು. ಖಾತುನಬಿ ಅವನ್ನು ತಲೆಯ ಮೇಲೆ ಹೊತ್ತು ಮಾರುವಳು. ಹೊಟ್ಟೆ ಅರ್ಧವಾದರೂ ತುಂಬುತ್ತಿತ್ತು. ಅವನ ಮೇಲಿನ ಸಿಟ್ಟು ಬಹಳ ದಿನ ಇಳಿಯಲಿಲ್ಲ. ಎದುರಿಗೆ ಕೂತು ಉಣ್ಣುವಳು, ಮುಖ ತೋರಿಸಿ ಮಾತಾಡುತ್ತಿರಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಒಂದು ದಿನ ನೀಲಕಂಠಪ್ಪ ಮಾಸ್ತರರು ಹುಡುಕಿಕೊಂಡು ಬಂದರು. ತಲೆ ಬೆಳ್ಳಗಾಗಿತ್ತು. ಒಂದು ದೀಪ ಕೊಂಡರು, ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಹೋಗಲೊಲ್ಲರು. ಕಡೆಗೆ ಹೇಳಿದರು: ಪುಸ್ತಕವನ್ನು ಮತ್ತೆ ಅಚ್ಚು ಮಾಡಬೇಕೆಂದು ಕೇಳುತ್ತಿದ್ದಾರೆ. ನನಗೆ ಆ ಹೆಸರು ಇಡಲಿಕ್ಕೆ ಮನಸ್ಸಿಲ್ಲ. ಯಾರಾದರೂ ಅರ್ಥ ಕೇಳಿದರೆ ನಾಲಿಗೆ ಏಳುವುದಿಲ್ಲ.

ಖಾತುನಬಿ ಜರಡಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು. "ಹೆಸರು ಇರಲಿ ಬಿಡ್ರಿ, ಮಾಸ್ತರ. ನೀವು ಬರದಾಗ ಅದು ಸುಳ್ಳಿತ್ತು. ಆಮ್ಯಾಲೆ ಇವರು ಹೋಗಿ ಅದನ್ನ ಖರೇ ಮಾಡಿದ್ರು. ತ್ರಾಸ ನನಗಾತು, ಅಷ್ಟಽ."

"ಅವರು ಯಾಕ ತಿರುಗಲಿಲ್ಲ? ಎಂದಾದ್ರೂ ಕೇಳೀರೇನು?"

"ನೀವಽ ಕೇಳ್ರಿ. ಮುಖಾ ಕಾಣೂಹಂಗ ನಿಂತು ಕೇಳ್ರಿ."

ಮಾಸ್ತರರು ಕೇಳಲಿಲ್ಲ. ಬೆಸುಗೆ ಹಾಕುತ್ತಿದ್ದ ಮೌಲಾಲಿಗೆ ನಮಸ್ಕಾರ ಮಾಡಿ, ದೀಪ ಬಗಲಲ್ಲಿಟ್ಟುಕೊಂಡು ಹೋದರು.

ಬೆಂಗೇರಿಗೆ ಭೋಂಗಾ ಬರುವುದು ಗಾಳಿ ಆ ಕಡೆಯಿಂದ ಬೀಸಿದರೆ ಮಾತ್ರ, ಅದೂ ಸೊಳ್ಳೆ ಗುಂಯ್‌ಗುಟ್ಟಿದಷ್ಟು. ಆದರೂ ಖಾತುನಬಿಗೆ ನಸುಕಿನಲ್ಲಿ ಕಣ್ಣು ಬಿಡುವುದು ತಪ್ಪಿರಲಿಲ್ಲ. ಮಾಸ್ತರರು ಬಂದುಹೋದ ಮರುದಿನ ಗಾಳಿ ಇತ್ತು. ದನಿ ಬಂತು. ರೂಢಿಯಂತೆ ಅವಳ ಕೈ ತಾನಾಗಿಯೇ ಗಂಡನ ಭುಜದ ಕಡೆ ಹೋಯಿತು. ನಡುವೆಯೇ ಅವನ ಕೈ ಬಂದು ಅದನ್ನು ಹಿಡಿಯಿತು. ಅವನು ಎಚ್ಚರವಾಗೇ ಇದ್ದ.

"ಈಗ ಆತೇನು?" ಎಂದು ಕೇಳಿದ.

ಹೌದೆಂದು ಅವಳು ಅವನ ಕೈ ಒತ್ತಿದಳು.

"ಅಲ್ಲೂ ನನಗ ಮೊದಲಽ ಎಚ್ಚರ ಆಗತಿತ್ತು" ಅಂದ ಅವನು. "ನೀ ಅಲುಗಸೂತನಾ ಮಲಗಿದಂಗ ಮಾಡತಿದ್ದೆ. ಎದ್ರ ನಿನಗ ಬೇಜಾರ ಆದೀತು ಅಂತ."

ಖಾತುನಬಿ ಎದ್ದು ಕೂತಳು. ಆ ಓಣಿಯ ಕತ್ತಲಲ್ಲಿ ಇಷ್ಟು ವರ್ಷ ಇಬ್ಬರೂ ಕಣ್ಣು ಬಿಟ್ಟುಕೊಂಡು, ಇನ್ನೊಬ್ಬರು ಮಲಗಿದ್ದಾರೆಂದು ತಿಳಿದು ಬಿದ್ದುಕೊಂಡಿದ್ದರು. ಅವಳಿಗೆ ಬಾಯಿಗೆ ಬಂದ ಹಾಗೆ ಬೈಯಬೇಕೆನಿಸಿತು. "ಹಂಗಾರ ನಾ ಯಾಕ ಎದ್ದಿರಬೇಕಿತ್ತೋ ಮೂಳಾ?" ಎಂದು ಕತ್ತಲಿಗೇ ಬೈದಳು. ಅವನಿಗೆ ತುಟಿ ಕಾಣಲಿಲ್ಲ. ಕತ್ತಲಲ್ಲಿ ಅವಳ ಅಂಗೈಯನ್ನು ಬಿಡಿಸಿ, ಅದರ ಮೇಲೆ ತನ್ನ ಅಂಗೈ ಚಪ್ಪಟೆ ಇಟ್ಟು ಮೆಲ್ಲಗೆ ಕೆಳಗೆ ಒರೆಸಿದ.

ದೂರದ ದನಿ ಇನ್ನೂ ನಿಂತಿರಲಿಲ್ಲ. ಖಾತುನಬಿ ಅದನ್ನು ಕೇಳುತ್ತ ಮತ್ತೆ ಅಡ್ಡಾದಳು, ಸೆರಗನ್ನು ಮುಖದ ತನಕ ಎಳೆದುಕೊಂಡಳು. ಒಲೆ ಆಮೇಲೆ ಹಚ್ಚಿದರಾಯಿತು.